ಹಿಟ್ಟಿನ ಗಿರಣಿಯಲ್ಲಿ ತಬಲಾ ಕಲಿತದ್ದು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನಾರಾಯಣಪೇಟೆಯ ನಮ್ಮ ಓಣಿಯವರು ಯಾರಾದರೂ ಹೇಳೇ ಹೇಳುತ್ತಾರೆ. ಹಾಲು ಉಕ್ಕಿದರೆ ಹಾಲಿಗೆ ಬೈಯುತ್ತೇನೆ, ಸೂಜಿಗೆ ದಾರ ಏರದಿದ್ದರೆ ಸೂಜಿಗೆ ಬೈಯುತ್ತೇನೆ. ಇಂಥವಳು ನಲವತ್ತಾರನೆಯ ವಯಸ್ಸಿನಲ್ಲಿ ತಬಲಾ ಕಲಿಯಲು ಹೊರಟೆ. ಅದೂ ಝೆನ್ ಪದ್ಧತಿಯಲ್ಲಿ, ಅಂದರೆ ಸಿಟ್ಟಿಲ್ಲದೆ, ಅವಸರವಿಲ್ಲದೆ, ಫಲದ ಆಸೆಯಿಲ್ಲದೆ. ನಗುವವರು ಈಗಲೇ ನಕ್ಕುಬಿಡಲಿ.

ಕಾರಣ ನಮ್ಮತ್ತೆ. ನಮ್ಮದು ಮಗ್ಗದ ಮನೆ. ಮುಂದಿನ ಕೋಣೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನಮ್ಮ ಯಜಮಾನರು ಚೌಕಳಿ ಸೀರೆ ನೇಯುತ್ತಾರೆ. ನಡುಮನೆಯಲ್ಲಿ ಅತ್ತೆ ಕೂತು ಕಂಡಿಕೆಗೆ ನೂಲು ಸುತ್ತುತ್ತಾ ನನ್ನನ್ನು ಬೈಯುತ್ತಾರೆ. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಭಾರೀ ಶ್ರದ್ಧೆಯವರು. ಸೋಮವಾರ ಸಂಜೆ ಮಾತ್ರ ಅತ್ತೆಗೆ ಬಿಡುವು ಇರುತ್ತಿರಲಿಲ್ಲ, ಯಾಕೆಂದರೆ ಅವತ್ತು ಮನೆಯಲ್ಲಿ ಭಜನೆ. ಅತ್ತೆ ಹಾಡುವವರು, ಮಾವ ತಬಲಾ ಬಾರಿಸುವವರು. ನಲವತ್ತು ವರ್ಷ ಹೀಗೇ ನಡೆದಿತ್ತಂತೆ. ಆ ಒಂದು ತಾಸು ಅತ್ತೆಯ ಬಾಯಿ ಶಿವನ ಕೆಲಸದಲ್ಲಿರುತ್ತಿತ್ತು. ನಾನು ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕುದಿಸುತ್ತಾ, ನಿಜ ಹೇಳಬೇಕೆಂದರೆ, ಹಾಡನ್ನೂ ಕೇಳುತ್ತಿರಲಿಲ್ಲ, ತಬಲಾವನ್ನೂ ಕೇಳುತ್ತಿರಲಿಲ್ಲ. ಬೈಗುಳ ಇಲ್ಲದಿರುವುದನ್ನು ಕೇಳುತ್ತಿದ್ದೆ.

ಎರಡು ವರ್ಷದ ಹಿಂದೆ ಮಾವ ತೀರಿಕೊಂಡರು. ಅಂದಿನಿಂದ ಅತ್ತೆ ಹಾಡಲಿಲ್ಲ. ವಾರಕ್ಕೆ ಏಳು ದಿನವೂ ಬೈಗುಳ ಶುರುವಾಯಿತು.

ತಬಲಾದವರು ಬರಲಿಲ್ಲ ಅಂತಲ್ಲ, ಮೂವರು ಬಂದರು. ಒಬ್ಬರದು ಕೈ ಭಾರ ಅಂದರು ಅತ್ತೆ. ಇನ್ನೊಬ್ಬರು ಭಜನೆಯ ಪದದ ನಡುವೆ ಫೋನ್ ನೋಡುತ್ತಾರೆ ಅಂದರು. ಮೂರನೆಯವರು ಧನ್ವಾಡದಿಂದ ಬಂದಿದ್ದ ಒಳ್ಳೇ ಹೆಸರಿನ ಕಲಾವಿದರು. ಅವರಲ್ಲಿ ಏನೂ ತಪ್ಪು ಸಿಗದೆ ಅತ್ತೆ ಚಹಾ ಕೊಡಿಸಿ ಕಳಿಸಿದರು. ಬಾಗಿಲು ಹಾಕಿಕೊಂಡ ಮೇಲೆ ನನಗೆ ಹೇಳಿದ್ದು ಇಷ್ಟೇ: "ನಿಮ್ಮ ಮಾವ ಬಾರ್ಸಿದಂಗ ಬಾರ್ಸಾವ್ರು ಸಿಕ್ಕ್ರ ಹಾಡ್ತೀನಿ. ಇಲ್ಲಾಂದ್ರ ನನ್ನ ಪದ ಅವರ ಜೋಡಿನ ಹೋತು ಅನ್ಕೋ."

ಒಂದು ಮಧ್ಯಾಹ್ನ ನೂಲು ಸುತ್ತುತ್ತಿದ್ದ ಅತ್ತೆಯ ತುಟಿ ಅಲ್ಲಾಡುತ್ತಿದ್ದುದನ್ನು ನೋಡಿದೆ. ಧ್ವನಿ ಇಲ್ಲ, ಬರೀ ತುಟಿ. ಪದ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡ ಕೂಡಲೇ ನಿಲ್ಲಿಸಿ, ಬೆಳಗಿನ ಸಾರಿಗೆ ಉಪ್ಪು ಜಾಸ್ತಿಯಾದ ವಿಷಯ ತೆಗೆದರು. ನನಗೆ ಅಯ್ಯೋ ಪಾಪ ಅನಿಸಿತು. ಆದರೆ ಪಾಪ ಅನಿಸಿದ್ದನ್ನು ಹೇಳುವ ರೂಢಿ ನಮ್ಮಿಬ್ಬರ ನಡುವೆ ಇಲ್ಲವಾದ್ದರಿಂದ ನಾನೂ ಉಪ್ಪಿನ ಜಗಳವನ್ನೇ ಮುಂದುವರಿಸಿದೆ.

ಯುಗಾದಿ ಕಳೆದ ಮೇಲೆ ಗದ್ವಾಲದಿಂದ ಅತ್ತೆಯ ಅಕ್ಕ ಫೋನ್ ಮಾಡಿದರು. ಶ್ರಾವಣದ ಕೊನೇ ಸೋಮವಾರ ಅವರ ಮನೆಯಲ್ಲಿ ಭಜನೆ. "ಬಂದು ಒಂದ ಒಂದು ಪದ ಹಾಡವ್ವಾ. ನನ್ನ ಕಿವಿ ಇನ್ನ ಎಷ್ಟು ದಿನ ಕೇಳಿಸ್ತಾವೋ ಏನೋ" ಅಂದರು. ಅತ್ತೆ "ನೋಡೂಣು" ಅಂದರು. ಎರಡು ವರ್ಷದಲ್ಲಿ ಅವರು "ಇಲ್ಲ" ಅನ್ನದೆ ಇದ್ದದ್ದು ಅದೇ ಮೊದಲು. ಆ "ನೋಡೂಣು" ಕೆಡುವ ಮೊದಲೇ ನಾನು ತಬಲಾ ಕಲಿಯಬೇಕೆಂದು ಅವತ್ತೇ ನಿಶ್ಚಯಿಸಿದೆ.

ಝೆನ್ ಬಂದದ್ದು ರಾಯಚೂರಿನಿಂದ. ಮದುವೆಯೊಂದನ್ನು ಮುಗಿಸಿ ಬರುವಾಗ ಬಸ್‌ಸ್ಟ್ಯಾಂಡಿನ ಹಳೇ ಪುಸ್ತಕದ ಗುಡ್ಡೆಯಲ್ಲಿ, ಮುಖಪುಟ ಹರಿದ, ಬರೆದವರು ಯಾರೆಂದೂ ಗೊತ್ತಾಗದ ಒಂದು ಸಣ್ಣ ಪುಸ್ತಕ ಸಿಕ್ಕಿತ್ತು. ವಾದ್ಯ ಕಲಿಯುವವರಿಗೆ ಝೆನ್ ಹೇಗೆ ಸಹಾಯ ಮಾಡುತ್ತದೆ ಎಂಬುದು ಅದರ ವಿಷಯ. ಮೊದಲು ಉಸಿರು ನೋಡಿಕೋ, ಕೂತ ಜಾಗ ಗುಡಿಸು, ಮನಸ್ಸು ಖಾಲಿ ಮಾಡು, ಚಲೋ ಬಾರಿಸಬೇಕೆಂಬ ಆಸೆ ಬಿಡು, ಹೀಗೆ. ಗುಡಿಸುವುದು ಹೇಗೂ ನನ್ನ ಪಾಲಿನದೇ, ಅರ್ಧ ಝೆನ್ ಆಗಲೇ ಬಂದುಬಿಟ್ಟಿದೆ ಅಂದುಕೊಂಡೆ.

"ಏನ್ ಓದಾಕ ಹತ್ತಿ ಅದು?" ಅತ್ತೆ ಕೇಳಿದರು.

"ಝೆನ್ ರೀ ಅತ್ತಿ."

"ಜೈನ? ಜೈನರಾಗಾಕ ಹೊಂಟಿಯೇನ?"

"ಜೈನ ಅಲ್ಲರೀ, ಝೆನ್! ಜಪಾನದ್ದು."

"ಜಪಾನದಾಗ ಜೈನರು ಅದಾರ?"

ಗ್ರಹಚಾರಕ್ಕೆ ಅವತ್ತು ಮನೆಯಲ್ಲಿ ಉಳ್ಳಾಗಡ್ಡಿ ಮುಗಿದಿತ್ತು. ರಾತ್ರಿಯ ಪಲ್ಯದಲ್ಲಿ ಉಳ್ಳಾಗಡ್ಡಿ ಇಲ್ಲದ್ದನ್ನು ನೋಡಿ ಅತ್ತೆಗೆ ಎಲ್ಲಾ ಖಾತ್ರಿಯಾಯಿತು. "ನೀ ಏನರ ಆಗು. ನಾ ಉಳ್ಳಾಗಡ್ಡಿ ಬಿಡಂಗಿಲ್ಲ, ಹೇಳಿಬಿಟ್ಟೀನಿ" ಅಂದರು. ಮರುದಿನ ಪಕ್ಕದ ಮನೆಯಿಂದ ನಾಲ್ಕು ಉಳ್ಳಾಗಡ್ಡಿ ಇಸಿದುಕೊಂಡು ಬಂದು ನೂಲಿನ ಬುಟ್ಟಿಯಲ್ಲಿ ಬಚ್ಚಿಟ್ಟರು. ಆ ವಾರ ನೇಯ್ದ ಸೀರೆಗೆ ಸ್ವಲ್ಪ ವಾಸನೆ ಇತ್ತು. ಯಜಮಾನರು ಅದನ್ನು ಎರಡು ದಿನ ಮಾಳಿಗೆಯ ಮೇಲೆ ಗಾಳಿಗೆ ಹಾಕಿದರು.

ಮಾವನ ತಬಲಾ ಒಯ್ಯಲೇ ಎಂದು ಕೇಳಿದಾಗ ಅತ್ತೆ ತಲೆ ಎತ್ತದೆ, "ಒಯ್ಯಿ. ಒಡದಿ ಅಂದ್ರ ನಿನ್ನ ತಲಿ ಒಡೀತೀನಿ" ಅಂದರು. ಅದನ್ನು ನಾನು ಆಶೀರ್ವಾದ ಎಂದು ತಿಳಿದುಕೊಂಡೆ.

ಕಲಿಸಲು ಒಪ್ಪಿದ ಮಾಸ್ತರರು ಮಕ್ತಲದವರು. ಅವರ ಕಸುಬು ಹಿಟ್ಟಿನ ಗಿರಣಿ, ತಬಲಾ ಹವ್ಯಾಸ. ವಾರಕ್ಕೆ ಎರಡು ದಿನ ನಾನು ಎಡಗೈಯ ದಪ್ಪ ಡಗ್ಗಾವನ್ನು ತೊಡೆಯ ಮೇಲೆ, ಬಲಗೈಯ ತಬಲಾವನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ನಮ್ಮ ಕಡೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಮೊದಲ ದಿನ ಕಂಡಕ್ಟರ್ ನನಗೆ ಸೊನ್ನೆಯ ಟಿಕೆಟ್ ಹರಿದು ಕೊಟ್ಟು, ಡಗ್ಗಾವನ್ನು ತಟ್ಟಿ ನೋಡಿ, "ಇದಿ ಆಡದಾ ಮಗದಾ?" ಅಂತ ತೆಲುಗಿನಲ್ಲಿ ಕೇಳಿದ. ಹೆಣ್ಣೋ ಗಂಡೋ ಅಂತ! ಬಸ್ಸೆಲ್ಲ ನಕ್ಕಿತು. ನನಗೆ ರೇಗಿತು, ಆದರೆ ಝೆನ್ ನೆನಪಾಗಿ ಉಸಿರು ಎಳೆದುಕೊಂಡು, "ಇಬ್ಬರೂ ಹೆಂಗಸರ, ಅಕ್ಕತಂಗೇರು" ಅಂದೆ. ಅಂದಿನಿಂದ ಅವನು ಪ್ರತಿಸಲ ಅಕ್ಕತಂಗಿಯರ ಕ್ಷೇಮ ವಿಚಾರಿಸುತ್ತಿದ್ದ.

ಮಾಸ್ತರರಿಗೆ ನನ್ನ ಪದ್ಧತಿಯನ್ನು ಮೊದಲೇ ತಿಳಿಸಿದೆ. "ನಾ ಝೆನ್ ಪ್ರಕಾರ ಕಲೀಬೇಕಂತ ಮಾಡೀನ್ರಿ."

"ಝೆನ್? ಆ ಸಣ್ಣ ಕಾರಾ? ಅದು ಬಂದಾಗಿ ಭಾಳ ವರ್ಷ ಆತಲ್ಲವ್ವಾ" ಅಂದರು. ಆಮೇಲೆ ಹೆಗಲ ಮೇಲಿನ ಹಿಟ್ಟು ಝಾಡಿಸಿಕೊಂಡು, "ಯಾವುದರ ಇರ್ಲಿ. ಧಾ ಅನ್ನು" ಅಂದರು.

ಪಾಠ ನಡೆಯುತ್ತಿದ್ದುದು ಗಿರಣಿಯ ಪಕ್ಕದಲ್ಲೇ, ಚೀಲಗಳ ನಡುವೆ. ಕಲ್ಲು ತಿರುಗುವ ಸದ್ದಿನಲ್ಲಿ ನಾನು ಬಾರಿಸಿದ್ದು ನನಗೇ ಕೇಳುತ್ತಿರಲಿಲ್ಲ, ಮಾಸ್ತರರಿಗೂ ಕೇಳುತ್ತಿರಲಿಲ್ಲ. ಅವರು ಬೆರಳು ನೋಡಿಯೇ ತಪ್ಪು ಹಿಡಿಯುತ್ತಿದ್ದರು. ನನಗೆ ಬಹಳ ಖುಷಿಯಾಯಿತು. ಕೇಳುವ ಆಸೆಯನ್ನೂ ಬಿಟ್ಟು ಬಾರಿಸುವುದು, ಇದಕ್ಕಿಂತ ದೊಡ್ಡ ಝೆನ್ ಜಪಾನದಲ್ಲೂ ಇರಲಾರದು ಅಂದುಕೊಂಡೆ. ಒಂದು ದಿನ ಹಾಗೇ ಕಣ್ಣು ಮುಚ್ಚಿ, ಮೈಮರೆತು ಬಾರಿಸುತ್ತಿರುವಾಗ ಕರೆಂಟು ಹೋಯಿತು. ಗಿರಣಿ ನಿಂತಿತು. ನಾನು ನಿಲ್ಲಲಿಲ್ಲ. ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತಿದ್ದ ಹೆಂಗಸರೆಲ್ಲ ನನ್ನ ತಬಲಾವನ್ನು ಮೊದಲ ಸಲ ಕೇಳಿದರು. ಒಬ್ಬಾಕೆ ಮಾಸ್ತರರಿಗೆ, "ಕಲ್ಲೊಳಗ ಏನರ ಸಿಕ್ಕೊಂಡೈತಿ ನೋಡ್ರಿ, ಬಂದ್ ಮಾಡಿದ್ರೂ ಕಟಕಟ ಅನ್ನಾಕ ಹತ್ತೈತಿ" ಅಂದಳು.

ಆಮೇಲೆ ಬಂತು ಖಾಲಿಯ ರಾದ್ಧಾಂತ. ಭಜನೆಗೆ ಬೇಕಾದ್ದು ಕೆಹರ್ವಾ ತಾಳ, ಎಂಟು ಪೆಟ್ಟಿನದು: ಧಾ ಗೆ ನ ತಿ, ನ ಕ ಧಿ ನ. ಮಾಸ್ತರರು ಐದನೆಯ ಪೆಟ್ಟಿಗೆ ಬೆರಳು ತೋರಿಸಿ, "ಇಲ್ಲಿ ಖಾಲಿ" ಅಂದರು.

ನನ್ನ ಮೈ ಜುಂ ಅಂದಿತು. ಖಾಲಿ! ಪುಸ್ತಕದಲ್ಲಿ ಪುಟಪುಟಕ್ಕೂ ಹೇಳಿದ್ದು ಅದನ್ನೇ. ತಾಳದೊಳಗೇ ಅದನ್ನು ಇಟ್ಟಿದ್ದಾರಲ್ಲ ನಮ್ಮ ಹಿರಿಯರು ಎಂದು ಕಣ್ಣು ತೇವವಾಯಿತು. ನಾಲ್ಕು ಪೆಟ್ಟು ಬಾರಿಸಿ, ಐದನೆಯದಕ್ಕೆ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ ಕೂತುಬಿಟ್ಟೆ.

"ಏನಾತವ್ವಾ? ಕೈ ಹಿಡೀತೇನು?"

"ಖಾಲಿ ಆಗೀನ್ರಿ."

"ಖಾಲಿ ಅಂದ್ರ ನೀ ಖಾಲಿ ಆಗೂದಲ್ಲ ತಾಯಿ! ಅಲ್ಲಿ ಡಗ್ಗಾ ಗುಂ ಅನ್ನಬಾರದು, ಅಷ್ಟ. ತಾಳ ನಡದೇ ಇರಬೇಕು. ನೀ ಕೈ ಎತ್ತಿ ಕುಂತ್ರ ಹಾಡಾವ್ರು ಎಲ್ಲಿ ಹೋಗ್ಬೇಕು?"

ಪುಸ್ತಕದಲ್ಲಿ ಹಾಗಿಲ್ಲ ಎಂದು ನಾನು ವಾದಿಸಿದೆ. ಹಂಗಾದರೆ ಪುಸ್ತಕದವರಿಗೇ ಫೋನ್ ಹಚ್ಚಿ ಕಲಿತುಕೋ ಅಂದರು ಮಾಸ್ತರರು. ಆದರೂ ನನ್ನ ಕೈ ಐದನೆಯ ಪೆಟ್ಟಿಗೆ ತಾನೇ ಮೇಲೇಳುತ್ತಿತ್ತು. ಆ ಚಟ ಬಿಡಿಸಲು ಮಾಸ್ತರರು ಒಂದು ಉಪಾಯ ಮಾಡಿದರು. ಐದನೆಯ ಪೆಟ್ಟು ಬಂದಾಗಲೆಲ್ಲ ಗಿರಣಿಯ ಸದ್ದನ್ನೂ ಮೀರಿಸಿ "ಖಾಲಿ!" ಎಂದು ಕೂಗುವುದು, ನಾನು ಎಚ್ಚರದಿಂದ ಬಲಗೈ ಆಡಿಸುವುದು. ಎರಡು ಸಲ ಕೂಗಿದರು. ಮೂರನೆಯ ಸಲಕ್ಕೆ ಪಾಳಿಯಲ್ಲಿದ್ದಾಕೆ, ಗಿರಣಿಯ ಬಾಯಿ ಖಾಲಿಯಾಯಿತೆಂದು ಹೇಳುತ್ತಿದ್ದಾರೆ ಎಂದುಕೊಂಡು ತನ್ನ ಸಜ್ಜೆಯ ಡಬ್ಬಿಯನ್ನು ಪೂರಾ ಸುರಿದಳು. ಗಿರಣಿಯೊಳಗೆ ಇನ್ನೊಬ್ಬಾಕೆಯ ಗೋಧಿ ಅರ್ಧ ಹಾಗೇ ಇತ್ತು.

ಜಗಳ ತೆಲುಗಿನಲ್ಲಿ ಶುರುವಾಗಿ ಕನ್ನಡಕ್ಕೆ ಹೊರಳಿ, ಬೈಗುಳ ಮುಗಿದಾಗ ಉರ್ದುವಿಗೆ ಹೋಯಿತು. "ಮೀರೇ ಖಾಳೀ ಅನ್ನಾರು ಕದಾ!" ಎಂದು ಸಜ್ಜೆಯಾಕೆ ಮಾಸ್ತರರನ್ನೇ ಹಿಡಿದಳು, ನೀವೇ ಖಾಲಿ ಅಂದಿರಲ್ಲ ಅಂತ. ಮಾಸ್ತರರು ನನ್ನ ಕಡೆ ಕೈ ತೋರಿಸಿದರು. ನಾನು ಪುಸ್ತಕದ ಕಡೆ ಕೈ ತೋರಿಸಿದೆ. ಕಡೆಗೆ ಇಬ್ಬರೂ ಬೆರಕೆ ಹಿಟ್ಟನ್ನು ಅರ್ಧರ್ಧ ಹಂಚಿಕೊಂಡು ಗೊಣಗುತ್ತಾ ಹೋದರು. ಮುಂದಿನ ವಾರ ಗೋಧಿಯಾಕೆ ಬಂದು, ಚಪಾತಿ ಚಲೋ ಆಗಿದ್ದವು, ಇನ್ನೊಮ್ಮೆ ಹಾಗೇ ಮಾಡಿಕೊಡಿ ಎಂದು ಕೇಳಿದಳಂತೆ. ಮಾಸ್ತರರು ಮಾತ್ರ ಆಮೇಲೆ ಖಾಲಿ ಎಂಬ ಶಬ್ದವನ್ನು ಗಿರಣಿಯಲ್ಲಿ ಬಾಯಿಬಿಟ್ಟು ಅನ್ನಲಿಲ್ಲ.

ಮನೆಯಲ್ಲಿ ಅಭ್ಯಾಸ ಇನ್ನೊಂದು ಕಥೆ. ಪುಸ್ತಕದ ಪ್ರಕಾರ ಬೆಳಿಗ್ಗೆ ಜಾಗ ಗುಡಿಸಿ, ಹತ್ತು ನಿಮಿಷ ಗೋಡೆ ನೋಡುತ್ತಾ ಕೂರಬೇಕು. ನಮ್ಮ ಗೋಡೆಯ ಸುಣ್ಣ ನೋಡಿದಲ್ಲೆಲ್ಲ ಉದುರಿತ್ತು, ಶಾಂತಿಯ ಬದಲು ಯಜಮಾನರಿಗೆ ಸುಣ್ಣ ಹಚ್ಚಲು ಎಷ್ಟು ಸಲ ಹೇಳಿದ್ದೇನೆಂಬುದು ನೆನಪಾಗುತ್ತಿತ್ತು. ಅಲ್ಲಿಂದ ಸಿಟ್ಟು ಹೊತ್ತುಕೊಂಡೇ ತಬಲಾಕ್ಕೆ ಬರುತ್ತಿದ್ದೆ. ಮೊದಲ ಎರಡು ಸುತ್ತು ಸಾವಕಾಶ, ಒಂದು ಬೆರಳು ತಪ್ಪಿತೋ, ಸಿಟ್ಟು, ಸಿಟ್ಟಿಗೆ ಕೈ ಓಟ, ಓಟಕ್ಕೆ ಇನ್ನೊಂದು ತಪ್ಪು. "ಕುಣೀಲಾರ್ದಾಕಿ ನೆಲ ಡೊಂಕು ಅಂದ್ಲಂತ" ಎಂದು ಅತ್ತೆ ನಡುಮನೆಯಿಂದ ಹೇಳುತ್ತಿದ್ದರು. ನಾನು ಇನ್ನೂ ಜೋರಾಗಿ ಬಾರಿಸುತ್ತಿದ್ದೆ.

ಯಜಮಾನರು ಏನೂ ಅನ್ನುತ್ತಿರಲಿಲ್ಲ. ಆದರೆ ಅವರ ಕಾಲುಗಳು ಕೇಳಿಸಿಕೊಳ್ಳುತ್ತಿದ್ದವು. ಮಗ್ಗದವರು ಎಳೆಗಳನ್ನು ಬಾಯಲ್ಲಿ ಎಣಿಸುವುದಿಲ್ಲ, ಪಾವಡಿ ತುಳಿಯುವ ಲಯದಲ್ಲೇ ಎಣಿಕೆ ಇರುತ್ತದೆ. ಇಷ್ಟು ತುಳಿತ ಆದ ಮೇಲೆ ಬಣ್ಣದ ಲಾಳಿ ಬದಲಿಸಬೇಕೆಂದು ಕಾಲಿಗೇ ಗೊತ್ತಿರುತ್ತದೆ. ಆ ಎಣಿಕೆ ಈಗ ನನ್ನ ಕೆಹರ್ವಾವನ್ನು ಹಿಂಬಾಲಿಸತೊಡಗಿತ್ತು. ನಾನು ಓಡಿದರೆ ಅಷ್ಟು ತುಳಿತ ಆಗುವ ಮೊದಲೇ ಲಾಳಿ ಬದಲಾಗುತ್ತಿತ್ತು. ಸೀರೆ ಇಳಿಸಿದ ದಿನ ನೋಡಿದರೆ, ಒಂದು ತುದಿಯಲ್ಲಿ ಚೌಕಳಿಗಳು ಅಂಗೈ ಅಗಲ, ಇನ್ನೊಂದು ತುದಿಗೆ ಬರುವಷ್ಟರಲ್ಲಿ ಗುಳಿಗೆಯಷ್ಟು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಯಜಮಾನರು ಸೀರೆಯನ್ನು ಹಾಸಿ, "ಇಲ್ಲಿ ನೋಡು, ಇದು ನೀ ಮಂಗಳವಾರ ಸಿಟ್ಟಿಗೆದ್ದಿದ್ದು" ಎಂದು ಬೆರಳಿಟ್ಟು ತೋರಿಸಿ ಬಿದ್ದು ಬಿದ್ದು ನಕ್ಕರು.

ಅವತ್ತಿನಿಂದ ನಾನು ಹಟ ಹಿಡಿದೆ. ಸಿಟ್ಟು ಬಂದರೆ ಕೈ ತೆಗೆದು ನೀರು ಕುಡಿಯುವುದು. ಮೊದಲ ವಾರ ದಿನಕ್ಕೆ ಎರಡು ಕೊಡ ಖಾಲಿಯಾಯಿತು. ಆಷಾಢದ ಹೊತ್ತಿಗೆ ಒಂದು ತಂಬಿಗೆಗೆ ಇಳಿಯಿತು. ಅತ್ತೆ ಏನೇ ಅಂದರೂ ನನ್ನ ಕೈ ಓಡಲಿಲ್ಲ, ತಪ್ಪಲಿಲ್ಲ. ಯಜಮಾನರ ಚೌಕಳಿಗಳು ಮತ್ತೆ ಒಂದೇ ಅಳತೆಗೆ ಬಂದವು. ಶ್ರಾವಣದಲ್ಲಿ ಮಾಸ್ತರರು ಗಿರಣಿ ನಿಲ್ಲಿಸಿ, ಕಿವಿಗೊಟ್ಟು ಪೂರಾ ಕೇಳಿ, "ಇನ್ನ ಯಾರ ಮುಂದನೂ ಬಾರ್ಸವ್ವಾ, ತಾಳ ಗಟ್ಟಿ ಐತಿ" ಅಂದರು. ಆ ಕ್ಷಣ ನನಗೆ ಎಷ್ಟು ಜಂಬ ಬಂತೆಂದರೆ, ಝೆನ್ ಪ್ರಕಾರ ಎಲ್ಲವೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು.

ಕೊನೇ ಸೋಮವಾರ ಮೂವರೂ ಗದ್ವಾಲದ ಬಸ್ಸು ಹತ್ತಿದೆವು. ಜುರಾಲದ ಅಣೆಕಟ್ಟೆಯ ಮೇಲೆ ಹೋಗುವಾಗ ಅತ್ತೆ ಕೆಳಗಿನ ನೀರು ನೋಡುತ್ತಾ, "ಅಕ್ಕನ ಮುಂದ ಮಾನ ಕಳೀಬ್ಯಾಡ" ಅಂದರು. ಯಾರು ಯಾರದು ಕಳೆಯಬಾರದು ಎಂದು ಹೇಳಲಿಲ್ಲ.

ಕೋಟೆಯ ಹಿಂದಿನ ಓಣಿಯಲ್ಲಿ ಅಕ್ಕನ ಮನೆ. ಮಧ್ಯಾಹ್ನದ ಹೊತ್ತು, ಹತ್ತು ಹನ್ನೆರಡು ಹೆಂಗಸರು ಕೂಡಿದ್ದರು. ಅತ್ತೆ ಈಶ್ವರನ ಪಟದ ಮುಂದೆ ಕೂತರು, ನಾನು ಪಕ್ಕದಲ್ಲಿ ಕೂತು ಉಸಿರು ನೋಡಿಕೊಂಡೆ. ಅವರು ಶುರು ಮಾಡಿದರು. ಎರಡು ವರ್ಷ ಬಳಸದ ಧ್ವನಿ, ತುಕ್ಕು ಹಿಡಿದ ಚಿಲಕ ತೆಗೆದಂತೆ ಬಂತು. ನಾನು ಕೆಹರ್ವಾ ಹಾಕಿದೆ. ಒಂದು ಪೆಟ್ಟು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಎರಡನೇ ಸಾಲಿಗೆ ಅತ್ತೆ ನಿಂತರು.

"ಹಂಗಲ್ಲ."

ಮತ್ತೆ ಶುರು ಮಾಡಿದರು. ಮತ್ತೆ ಅಲ್ಲೇ ನಿಂತರು. ಮೂರನೆಯ ಸಲವೂ ಅಲ್ಲೇ.

"ಚಲೋ ಬಾರ್ಸಾಕ ಹತ್ಯಾಳಲ್ಲ, ಏನಾತು ನಿನಗ?" ಅಕ್ಕ ಕೇಳಿದರು.

"ಚಲೋ ಐತಿ ಬೇ. ನನಗ ಆಗವಲ್ದು." ಅತ್ತೆ ನೆಲಕ್ಕೆ ಕೈಯೂರಿ ಏಳತೊಡಗಿದರು. "ಬಿಡ್ರಿ. ನನ್ನ ಪದ ಮುಗೀತು."

ನಾಲ್ಕು ತಿಂಗಳು ನೀರು ಕುಡಿದು ಅದುಮಿದ್ದ ಸಿಟ್ಟು ಒಂದೇ ಸಲಕ್ಕೆ ನೆತ್ತಿಗೇರಿತು. ಎಲ್ಲರ ಎದುರಿಗೇ ಬಾಯಿ ಬಿಟ್ಟೆ. "ನಾ ಏನ್ ಮಾಡಿದ್ರೂ ನಿಮಗ ನಡಿಯಂಗಿಲ್ಲ! ಉಪ್ಪು ಹಾಕಿದ್ರ ಜಾಸ್ತಿ, ಹಾಕ್ದಿದ್ರ ಸಪ್ಪ! ಹಿಟ್ಟು ತಿಂದು, ಧೂಳು ತಿಂದು, ಡಗ್ಗಾ ಹೊತ್ತು ಬಸ್ಸಿನಾಗ ನಗಿಪಾಟಲಾಗಿ ಕಲ್ತೀನಿ! ಯಾರ ಸಲುವಾಗಿ ಕಲ್ತೀನಿ? ಕುಂದರ್ರಿ ಅಲ್ಲಿ! ಹಾಡ್ರಿ!"

ಅಂದವಳೇ ಬಾರಿಸತೊಡಗಿದೆ. ಅದು ಬಾರಿಸುವುದಲ್ಲ, ಬಡಿಯುವುದು. ಕೈ ಕಡಿವಾಣ ಬಿಟ್ಟು ಓಡಿತು. ಉಸಿರಿಲ್ಲ, ಖಾಲಿಯಿಲ್ಲ, ಮಾಸ್ತರರು ಕಂಡಿದ್ದರೆ ಗಿರಣಿಗೆ ನನ್ನನ್ನೇ ಸುರಿಯುತ್ತಿದ್ದರು. ಅರ್ಧ ಎದ್ದಿದ್ದ ಅತ್ತೆ ಹಾಗೇ ನಿಂತು ನನ್ನ ಕೈ ನೋಡಿದರು. ಆಮೇಲೆ ಮೆಲ್ಲಗೆ ಕೂತರು. ಕೂತು, ಪದವನ್ನು ಓಡುವ ತಾಳದ ಬೆನ್ನು ಹತ್ತಿಸಿದರು. ಎರಡನೇ ಸಾಲು ದಾಟಿತು, ಮೂರನೆಯದೂ ದಾಟಿತು. ಧ್ವನಿ ತೆರೆದುಕೊಂಡು ಕೋಣೆ ತುಂಬಿತು. ನಾನು ಇನ್ನೂ ಓಡುತ್ತಲೇ ಇದ್ದೆ. ಅವರು ಹಾಡುತ್ತಾ ಹಾಡುತ್ತಾ ನನ್ನ ಮೊಣಕಾಲಿನ ಮೇಲೆ ರಪ್ಪನೆ ಒಂದು ಬಾರಿಸಿ, ಅಲ್ಲೇ ಕೈಯೂರಿ ಹಿಂದಕ್ಕೆ ಒತ್ತಿದರು.

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ಕಣ್ಣಲ್ಲಿ ನೀರು. ನನ್ನ ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಮಾವ ಹಿಂಗ ಓಡ್ತಿದ್ರು ನೋಡವ್ವಾ" ಅಂದರು. "ಒಂದ್ ದಿನಾನೂ ತಾಳಕ್ಕ ನಿಲ್ಲಲಿಲ್ಲ ಆ ಪುಣ್ಯಾತ್ಮ. ನಲವತ್ತು ವರ್ಷ ನನ್ನ ತಂಗಿ ಮೊಣಕಾಲು ಬಡದು ಬಡದು ಹಿಡಕೊಂಡು ಹಾಡ್ಯಾಳ."

ಇಪ್ಪತ್ತಮೂರು ವರ್ಷ ಅದೇ ಮನೆಯ ಅಡುಗೆಮನೆಯಲ್ಲಿದ್ದು ನನಗೆ ಇದು ಗೊತ್ತೇ ಇರಲಿಲ್ಲ. ಕೈ ಮಾತ್ರ ನಿಲ್ಲಲಿಲ್ಲ. ಸಾಲು ಮುಗಿದು ಇನ್ನೊಂದು ಸಾಲು ಶುರುವಾಗುವ ನಡುವೆ ಅತ್ತೆ ಕಣ್ಣು ಮುಚ್ಚಿಕೊಂಡೇ ಇನ್ನೊಮ್ಮೆ ನನ್ನ ಮೊಣಕಾಲು ಬಡಿದರು.

"ಯಾಕ ಓಡ್ತೀರಿ?" ಅಂದರು, ಮೆಲ್ಲಗೆ, ನಗುತ್ತಾ. "ಸ್ವಲ್ಪ ತಡೀರಿ. ನಾ ಇನ್ನ ಹಿಂದ ಅದೀನಿ."

ಮದುವೆಯಾಗಿ ಬಂದ ದಿನದಿಂದ ಅತ್ತೆ ನನಗೆ ಒಂದು ಸಲವೂ 'ರಿ' ಹಚ್ಚಿ ಮಾತಾಡಿದವರಲ್ಲ, ಮನೆಯಲ್ಲಿ ಅದು ಮಾವನಿಗೊಬ್ಬರಿಗೇ ಇತ್ತು. ನಾನು ಕೈ ಸಾವಕಾಶ ಮಾಡಿ, ಅವರು ಬಂದು ಕೂಡುವ ತನಕ ಕಾದೆ.